ನಗಿಸುವ ಗಾಳಿ ಉಸಿರಾಡಿದ ಹುಡುಗ: ಸರ್ ಹಂಫ್ರಿ ಡೇವಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆದುಕೊಡು ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ಸಿ.ವಿ. ರಾಮನ್, ವಿಶ್ವೇಶ್ವರಯ್ಯ, ಐನ್‌ಸ್ಟೈನ್, ಮೇಡಂ ಕ್ಯೂರಿ ಇವರೆಲ್ಲ ಈಗಾಗಲೇ ನಮ್ಮ ಗೋಡೆ ಮೇಲೆ ಬಂದು ಹೋಗಿದ್ದಾರೆ. ನಾನು ಆರಿಸಿಕೊಂಡದ್ದು ಹಂಫ್ರಿ ಡೇವಿ. ಸೋಡಿಯಂ, ಪೊಟ್ಯಾಸಿಯಂ ಪಾಠ ನಾವೆಲ್ಲ ಓದಿದ್ದೇವಲ್ಲ, ಅವೆರಡನ್ನೂ ಮೊದಲು ಬೇರ್ಪಡಿಸಿದವನು ಇವನೇ. ಆದರೆ ನಾನು ಇವನನ್ನು ಆರಿಸಿದ್ದು ಸೋಡಿಯಂಗಾಗಿ ಅಲ್ಲ. ಅದಕ್ಕೆ ಎರಡು ಕಾರಣ ಇದೆ. ಒಂದನ್ನು ಈಗಲೇ ಹೇಳ್ತೀನಿ, ಇನ್ನೊಂದನ್ನು ಕೊನೆಯಲ್ಲಿ ಹೇಳ್ತೀನಿ. ದಯವಿಟ್ಟು ಅರ್ಧಕ್ಕೇ ಬಿಟ್ಟು ಹೋಗಬೇಡಿ.

ಅಜ್ಜಿಯ ಆಪರೇಷನ್

ಹೋದ ಬೇಸಿಗೆ ರಜೆಯಲ್ಲಿ ನಮ್ಮಜ್ಜಿಗೆ ಪಿತ್ತಕೋಶದಲ್ಲಿ ಕಲ್ಲು ಆಗಿ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅಜ್ಜಿಗೆ ಕುಯ್ಯೋದಕ್ಕೆ ಭಯ ಇರಲಿಲ್ಲ. ಪ್ರಜ್ಞೆ ತಪ್ಪಿಸ್ತಾರಂತಲ್ಲ, ಆಮೇಲೆ ಏಳದಿದ್ದರೆ ಅನ್ನೋದೇ ಭಯ. ಆಗ ಅರಿವಳಿಕೆ ಡಾಕ್ಟರು ಬಂದು ಮಂಚದ ಹತ್ತಿರ ಕೂತು ನಿಧಾನವಾಗಿ ತಿಳಿಸಿ ಹೇಳಿದರು. ಮೊದಲು ನರಕ್ಕೆ ಒಂದು ಇಂಜೆಕ್ಷನ್, ಆಮೇಲೆ ಉಸಿರಿನ ಜೊತೆ ಒಂದು ಗಾಳಿ. ಆ ಗಾಳಿ ಒಳಗೆ ಹೋಗುತ್ತಿರುವ ತನಕ ನಿದ್ದೆ, ನಿಲ್ಲಿಸಿದರೆ ಎಚ್ಚರ. ಎಚ್ಚರ ಆಗೋ ತನಕ ತಾವು ಪಕ್ಕ ಬಿಟ್ಟು ಕದಲುವುದಿಲ್ಲ ಎಂದರು. ಅಜ್ಜಿಗೆ ಸಮಾಧಾನವಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಹೊರಗೆ ಕರೆತಂದ ಮೇಲೆ ಸ್ವಲ್ಪ ಹೊತ್ತು ಅಜ್ಜಿ ಬೇರೆಯೇ ಅಜ್ಜಿ. ಸುಮ್ಮಸುಮ್ಮನೆ ನಗೋದು, ಸತ್ತುಹೋದ ತಾತನನ್ನು ಊಟಕ್ಕೆ ಕರೆಯೋದು, ನಮ್ಮ ಕರಿ ಹಸುವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡಿ ಅನ್ನೋದು. ಮಾತು ಮಾತ್ರ ಬಹಳ ಖಚಿತವಾಗಿತ್ತು, ತೊದಲಲಿಲ್ಲ. ನಮ್ಮ ಚಿಕ್ಕಪ್ಪ ಸೊಸೈಟಿ ಸಾಲದ ಕಾಗದ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಹೇಗೂ ಎಚ್ಚರ ಆಗಿದೆ, ಹೆಬ್ಬೆಟ್ಟು ಒತ್ತಿಸಿಕೊಳ್ಳೋಣ ಅಂತ ಮುಂದೆ ಬಂದರು. ಸಿಸ್ಟರ್ ತಡೆದರು. ಇವತ್ತು ಒಂದು ದಿನ ಯಾವ ಕಾಗದಕ್ಕೂ ಹೆಬ್ಬೆಟ್ಟು ಹಾಕಿಸಬೇಡಿ, ಯಾವ ವ್ಯವಹಾರವನ್ನೂ ಕೇಳಬೇಡಿ, ಎಚ್ಚರ ಆದ ಮಾತ್ರಕ್ಕೆ ಬುದ್ಧಿ ಪೂರ್ತಿ ಬಂತು ಅಂತಲ್ಲ ಎಂದರು. ಮಾರನೆಯ ದಿನ ಅಜ್ಜಿಗೆ ಹಸುವಿನ ವಿಷಯ ಹೇಳಿದರೆ ನಮ್ಮನ್ನೇ ಬೈದರು. ಅಂಥಾ ಮಾತು ನಾನು ಆಡಿಯೇ ಇಲ್ಲ ಎಂದರು.

ನನಗೆ ಇದು ತಲೆಯಲ್ಲೇ ಉಳಿಯಿತು. ಒಂದು ಗಾಳಿ ಮನುಷ್ಯನ ಮನಸ್ಸನ್ನು ಹೀಗೆ ಹೇಗೆ ಬದಲಾಯಿಸುತ್ತದೆ? ಮೇಷ್ಟ್ರನ್ನು ಕೇಳಿದೆ. ಅವರು ಇದನ್ನು ಮೊದಲು ಸರಿಯಾಗಿ ಪರೀಕ್ಷೆ ಮಾಡಿ ಬರೆದಿಟ್ಟವನು ಇಪ್ಪತ್ತು ವರ್ಷದ ಒಬ್ಬ ಹುಡುಗ ಕಣೋ, ತನ್ನ ಮೇಲೇ ಪರೀಕ್ಷೆ ಮಾಡಿಕೊಂಡ ಎಂದು ಹೇಳಿ ಪುಸ್ತಕ ಕೊಟ್ಟರು. ಆ ಹುಡುಗನ ಕಥೆಯೇ ಇದು.

ಬಡಗಿಯ ಮಗ

ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತ್ಯ ಇದೆ. ಅಲ್ಲಿನ ಪೆನ್‌ಜಾನ್ಸ್ ಎಂಬ ಸಮುದ್ರ ತೀರದ ಊರಿನಲ್ಲಿ 1778ರ ಡಿಸೆಂಬರ್ 17ರಂದು ಹಂಫ್ರಿ ಡೇವಿ ಹುಟ್ಟಿದ. ತಂದೆ ರಾಬರ್ಟ್ ಡೇವಿ ಮರದ ಕೆತ್ತನೆ ಕೆಲಸದವನು. ಐದು ಜನ ಮಕ್ಕಳಲ್ಲಿ ಇವನೇ ದೊಡ್ಡವನು. ಶಾಲೆಯಲ್ಲಿ ಅಂಥ ಜಾಣ ಅನ್ನಿಸಿಕೊಳ್ಳಲಿಲ್ಲ. ಮೀನು ಹಿಡಿಯೋದು, ಪದ್ಯ ಕಟ್ಟೋದು, ಗಾಡಿ ಮೇಲೆ ಹತ್ತಿ ನಿಂತು ಊರ ಹುಡುಗರಿಗೆ ಕಥೆ ಹೇಳೋದು ಇವೇ ಅವನ ಕೆಲಸ. ನಮ್ಮ ತರಗತಿಯಲ್ಲೂ ಅಂಥವರು ಇದ್ದಾರೆ, ಹೆಸರು ಹೇಳೋಲ್ಲ!

1794ರಲ್ಲಿ ತಂದೆ ತೀರಿಕೊಂಡ. ಮನೆಗೆ ಉಳಿದದ್ದು ಸಾಲ. ತಾಯಿ ಗ್ರೇಸ್ ಧೈರ್ಯಗೆಡದೆ ಹೆಂಗಸರ ಟೋಪಿ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದಳು. ಡೇವಿಗೆ ಆಗ ಇನ್ನೂ ಹದಿನಾರು ತುಂಬಿರಲಿಲ್ಲ. ಇದ್ದಕ್ಕಿದ್ದಂತೆ ಅವನು ಬದಲಾದ. ಮಾರನೆಯ ವರ್ಷ ಊರಿನ ಬೋರ್ಲೇಸ್ ಎಂಬ ವೈದ್ಯನ ಹತ್ತಿರ ಕೆಲಸ ಕಲಿಯಲು ಸೇರಿದ. ಹಗಲು ಔಷಧಿ ಅರೆಯೋದು, ರಾತ್ರಿ ಓದೋದು. ಫ್ರೆಂಚ್ ಭಾಷೆ ಕಲಿತು, ಲವಾಸಿಯೆ ಬರೆದ ರಸಾಯನಶಾಸ್ತ್ರದ ಪುಸ್ತಕವನ್ನು ಮೂಲದಲ್ಲೇ ಓದಿದ. ಪ್ರಯೋಗಶಾಲೆ ಎಲ್ಲಿಂದ ಬರಬೇಕು? ಮನೆಯ ಅಟ್ಟವೇ ಪ್ರಯೋಗಶಾಲೆ. ಹಡಗು ಒಡೆದು ಆ ತೀರಕ್ಕೆ ಬಂದಿದ್ದ ಒಬ್ಬ ಫ್ರೆಂಚ್ ವೈದ್ಯ ಅವನಿಗೆ ತನ್ನ ಹಳೆಯ ಉಪಕರಣಗಳನ್ನು ಕೊಟ್ಟನಂತೆ. ಅದರಲ್ಲಿ ಎನಿಮಾ ಕೊಡುವ ಪಿಚಕಾರಿಯೂ ಒಂದು. ಡೇವಿ ಅದನ್ನೇ ಗಾಳಿ ಎಳೆಯುವ ಪಂಪು ಮಾಡಿಕೊಂಡ. ಸಾಮಾನು ಇಲ್ಲ ಅಂತ ಪ್ರಯೋಗ ಬಿಡುವ ನಮಗೆ ಇದೊಂದು ಪಾಠ.

ಬ್ರಿಸ್ಟಲ್‌ನ ಗಾಳಿ ಆಸ್ಪತ್ರೆ

ಆಗಿನ ಕಾಲದಲ್ಲಿ ಹೊಸ ಹೊಸ ಗಾಳಿಗಳನ್ನು ಕಂಡುಹಿಡಿಯುವ ಸಂಭ್ರಮ. ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ 1772ರಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಕಂಡುಹಿಡಿದಿದ್ದ. ಬಣ್ಣ ಇಲ್ಲ, ಸ್ವಲ್ಪ ಸಿಹಿ ವಾಸನೆ. ಅದರ ಉಪಯೋಗ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಮಿಚೆಲ್ ಎಂಬ ವೈದ್ಯನಂತೂ ಇದೇ ಸಾಂಕ್ರಾಮಿಕ ರೋಗಗಳ ಮೂಲ, ಉಸಿರಾಡಿದರೆ ರೋಗ ಬರುತ್ತದೆ ಎಂದು ಬರೆದಿದ್ದ. ಡೇವಿ ಅದನ್ನು ಓದಿದ, ನಂಬಲಿಲ್ಲ. ಊರಿನಲ್ಲಿದ್ದಾಗಲೇ ಆ ಗಾಳಿಯನ್ನು ಬೇರೆ ಗಾಳಿ ಜೊತೆ ಬೆರೆಸಿ ಸ್ವಲ್ಪ ಉಸಿರಾಡಿ ನೋಡಿದ. ಏನೂ ಆಗಲಿಲ್ಲ.

ಬ್ರಿಸ್ಟಲ್ ನಗರದಲ್ಲಿ ಥಾಮಸ್ ಬೆಡ್ಡೋಸ್ ಎಂಬ ವೈದ್ಯ ಇದ್ದ. ಕ್ಷಯರೋಗಕ್ಕೆ ಆಗ ಔಷಧವೇ ಇರಲಿಲ್ಲ. ರೋಗ ಇರೋದು ಶ್ವಾಸಕೋಶದಲ್ಲಿ, ಹಾಗಾದರೆ ಔಷಧವನ್ನೂ ಗಾಳಿಯಾಗಿಯೇ ಯಾಕೆ ಕೊಡಬಾರದು ಎಂಬುದು ಅವನ ಆಸೆ. ಅದಕ್ಕಾಗಿ ಒಂದು ಸಂಸ್ಥೆ ಕಟ್ಟಿದ. ಹಬೆ ಯಂತ್ರದ ಜೇಮ್ಸ್ ವಾಟ್ ಗೊತ್ತಲ್ಲ, ಗಾಳಿ ತಯಾರಿಸುವ ಉಪಕರಣಗಳನ್ನು ಮಾಡಿಕೊಟ್ಟವನು ಅವನೇ. ವಾಟ್‌ನ ಒಬ್ಬ ಮಗಳು ಕ್ಷಯದಿಂದ ತೀರಿಕೊಂಡಿದ್ದಳು. ಆ ಸಂಸ್ಥೆಯ ಪ್ರಯೋಗಗಳನ್ನು ನೋಡಿಕೊಳ್ಳಲು 1798ರ ಅಕ್ಟೋಬರ್‌ನಲ್ಲಿ ಡೇವಿಯನ್ನು ಕರೆಸಿಕೊಂಡರು. ಅವನಿಗೆ ಆಗ ಹತ್ತೊಂಬತ್ತು ವರ್ಷ.

ಮೊದಲ ಉಸಿರು

1799ರ ಏಪ್ರಿಲ್ ತಿಂಗಳಲ್ಲಿ ಡೇವಿ ಶುದ್ಧವಾದ ನೈಟ್ರಸ್ ಆಕ್ಸೈಡನ್ನು ರೇಷ್ಮೆ ಚೀಲದಲ್ಲಿ ತುಂಬಿ ಉಸಿರಾಡಿದ. ಸುಮಾರು ನಾಲ್ಕು ಲೀಟರಿನಷ್ಟು. (ಅದನ್ನು ತಯಾರಿಸುವ ವಿಧಾನವನ್ನು ಬೇಕೆಂದೇ ಬರೆದಿಲ್ಲ. ನಮ್ಮ ಕೆಲವು ಗೆಳೆಯರ ಮೇಲೆ ನನಗೆ ನಂಬಿಕೆ ಇಲ್ಲ.) ಮೊದಲು ತಲೆ ತುಂಬಿದ ಹಾಗಾಯಿತು. ಆಮೇಲೆ ಎದೆಯಲ್ಲಿ, ಕೈಕಾಲಿನ ತುದಿಯಲ್ಲಿ ಜುಮ್ಮೆನ್ನುವ ಹಿತ. ಕಣ್ಣಿಗೆ ಬೆಳಕು ಹೊಳೆಯಿತು, ಕಿವಿಗೆ ಸಣ್ಣ ಶಬ್ದವೂ ದೊಡ್ಡದಾಗಿ ಕೇಳಿತು. ನಗು ಬಂತು, ಕುಣಿದಾಡುವ ಹಾಗಾಯಿತು. ಚೀಲ ಬಾಯಿಂದ ತೆಗೆದ ಕೆಲವೇ ನಿಮಿಷಕ್ಕೆ ಎಲ್ಲ ಮೊದಲಿನಂತೆ.

ಸುದ್ದಿ ಹರಡಿತು. ಗೆಳೆಯರೆಲ್ಲ ಬಂದರು. ಕವಿಗಳಾದ ಸದೇ ಮತ್ತು ಕೋಲ್‌ರಿಜ್ ಬಂದು ಉಸಿರಾಡಿದರು. ಕೆಲವರು ನಕ್ಕರು, ಕೆಲವರು ಕುಣಿದರು. ಒಬ್ಬ ಹುಡುಗಿಯಂತೂ ಮನೆಯಿಂದ ಹೊರಗೆ ಓಡಿ ದಾರಿಯಲ್ಲಿದ್ದ ದೊಡ್ಡ ನಾಯಿಯ ಮೇಲೇ ಹಾರಿ ಹೋದಳು ಅಂತ ಕಾಟಲ್ ಎಂಬ ಪುಸ್ತಕ ವ್ಯಾಪಾರಿ ಬರೆದಿಟ್ಟಿದ್ದಾನೆ. ಎಲ್ಲರಿಗೂ ಹೀಗೇ ಆಗಲಿಲ್ಲ. ಕೆಲವರಿಗೆ ತಲೆ ಸುತ್ತು, ಕೆಲವರಿಗೆ ಸಂಕಟ, ಕೆಲವರಿಗೆ ಏನೂ ಇಲ್ಲ.

ಇಲ್ಲಿ ಡೇವಿಯ ಜಾಣತನ ನೋಡಿ. ನಗು ಬರುತ್ತದೆ ಅಂತ ಮೊದಲೇ ಕೇಳಿ ಬಂದವರಿಗೆ ಸುಮ್ಮನೆಯೂ ನಗು ಬರಬಹುದಲ್ಲವೇ? ದೇವರು ಮೈಮೇಲೆ ಬರುವಾಗ ತಮಟೆ ಶಬ್ದಕ್ಕೇ ಅರ್ಧ ಜನ ತೂಗಾಡುವ ಹಾಗೆ. ಅದಕ್ಕೆ ಅವನು ಕೆಲವರಿಗೆ ಹೇಳದೆ ಚೀಲದಲ್ಲಿ ಬರೀ ಸಾಮಾನ್ಯ ಗಾಳಿ ಕೊಟ್ಟು ನೋಡಿದ. ಆಮೇಲೆ ನಿಜವಾದ ಅನಿಲ ಕೊಟ್ಟು ನೋಡಿದ. ಎರಡಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಅದು ಅನಿಲದ ಗುಣ. ಇವತ್ತು ಔಷಧ ಪರೀಕ್ಷೆ ಮಾಡುವವರು ಇದೇ ದಾರಿಯನ್ನು ಇನ್ನೂ ಕಟ್ಟುನಿಟ್ಟಾಗಿ ಅನುಸರಿಸುತ್ತಾರೆ.

ದೊಡ್ಡ ಡಬ್ಬಿಯೊಳಗೆ ಒಂದೂಕಾಲು ಗಂಟೆ

ಡೇವಿಗೆ ಅಷ್ಟಕ್ಕೇ ತೃಪ್ತಿ ಇಲ್ಲ. 1799ರ ಡಿಸೆಂಬರ್ 26ರಂದು ಮನುಷ್ಯ ಕೂರುವಷ್ಟು ದೊಡ್ಡ ಮುಚ್ಚಿದ ಪೆಟ್ಟಿಗೆಯೊಳಗೆ ಕೂತ. ಆಗಾಗ್ಗೆ ಸುಮಾರು 20 ಲೀಟರಿನಷ್ಟು ಅನಿಲವನ್ನು ಅದರೊಳಗೆ ಬಿಡಿಸಿಕೊಂಡ. ಹೀಗೆ ಒಂದೂಕಾಲು ಗಂಟೆ. ಹೊರಗೆ ಬಂದ ಕೂಡಲೇ ರೇಷ್ಮೆ ಚೀಲದಿಂದ ಇನ್ನೂ 20 ಲೀಟರಿನಷ್ಟು ಶುದ್ಧ ಅನಿಲ ಉಸಿರಾಡಿದ. ಸುತ್ತಲಿನ ಲೋಕ ಕಳಚಿ ಬಿದ್ದ ಹಾಗಾಯಿತು. ಚಿತ್ರಗಳು ಒಂದರ ಮೇಲೊಂದು ಬಂದವು. ತಾನು ದೊಡ್ಡ ದೊಡ್ಡ ಸಿದ್ಧಾಂತಗಳನ್ನು ಕಂಡುಹಿಡಿಯುತ್ತಿದ್ದೇನೆ, ಜಗತ್ತಿನ ಗುಟ್ಟೇ ತನಗೆ ತಿಳಿಯಿತು ಅನ್ನಿಸಿತು. ಎಚ್ಚರವಾದ ಮೇಲೆ ಮೊದಲು ಬಂದ ಭಾವನೆ ಎದುರಿಗಿದ್ದವರನ್ನು ಕಂಡು ಸಿಟ್ಟು, ಹೆಮ್ಮೆ! ಇವರಿಗೆ ಏನು ಗೊತ್ತು ಅನ್ನೋ ಹಾಗೆ. ಕೋಣೆಯಲ್ಲಿ ಅತ್ತಿಂದಿತ್ತ ನಡೆದ. ಕಂಡದ್ದನ್ನು ಹೇಳಬೇಕೆಂದು ಹಿಡಿಯಲು ಹೋದರೆ ಕೈಗೆ ಸಿಗಲಿಲ್ಲ. ಉಳಿದದ್ದು, ಎಲ್ಲವೂ ಬರೀ ವಿಚಾರವೇ ಎಂಬ ಅರ್ಥದ ಒಂದೆರಡು ಮಾತು ಮಾತ್ರ.

ಇದನ್ನು ಓದುವಾಗ ನನಗೆ ಅಜ್ಜಿಯ ನೆನಪಾಯಿತು. ಮಾತು ಖಚಿತ, ಆದರೆ ಹಿಂದೆ ಬುದ್ಧಿ ಇಲ್ಲ. ಈ ಅನಿಲದ ಮುಖ್ಯ ಗುಟ್ಟೇ ಇದು. ಕಡಿಮೆ ಪ್ರಮಾಣದಲ್ಲಿ ಅದು ಮನುಷ್ಯನನ್ನು ಮಲಗಿಸುವುದಿಲ್ಲ. ಎಚ್ಚರವಾಗಿಯೇ ಇಟ್ಟು, ನಾನು ತುಂಬಾ ಜಾಣ ಎಂಬ ಭಾವನೆಯನ್ನು ಕೊಡುತ್ತದೆ. ಜಾಣತನವನ್ನು ಮಾತ್ರ ಕೊಡುವುದಿಲ್ಲ.

ಡೇವಿಯ ದೊಡ್ಡತನ ಏನೆಂದರೆ ಅವನು ಇದನ್ನೂ ಮುಚ್ಚಿಡದೆ ಬರೆದ. ಇನ್ನೊಂದು ಸಂಗತಿಯನ್ನೂ ಒಪ್ಪಿಕೊಂಡ. ಆ ವರ್ಷ ಕೆಲವು ತಿಂಗಳು ಅವನಿಗೆ ಇದು ಅಭ್ಯಾಸವೇ ಆಗಿಹೋಯಿತು. ಕೆಲವು ವಾರ ದಿನಕ್ಕೆ ಮೂರು ನಾಲ್ಕು ಸಲ. ಕತ್ತಲೆಯಲ್ಲಿ ಒಬ್ಬನೇ ಕೂತು ಉಸಿರಾಡುತ್ತಿದ್ದ. ಬೇರೆಯವರು ಉಸಿರಾಡುವುದನ್ನು ಕಂಡರೆ, ಬರೀ ಚೀಲ ಕಂಡರೂ ಸಾಕು, ತನಗೂ ಬೇಕು ಅನ್ನಿಸುತ್ತಿತ್ತು. ಎಷ್ಟು ದೊಡ್ಡ ಬುದ್ಧಿವಂತನಾದರೂ ಚಟದ ಬಾಗಿಲು ಎಲ್ಲರಿಗೂ ಒಂದೇ.

ಸಾವಿನ ಹತ್ತಿರ

ಡೇವಿ ಬೇರೆ ಗಾಳಿಗಳನ್ನೂ ಹೀಗೇ ಮೂಸಿ ನೋಡಿದ. ಒಮ್ಮೆ ನೈಟ್ರಿಕ್ ಆಕ್ಸೈಡ್ ಎಳೆದುಕೊಳ್ಳಲು ಹೋಗಿ ಬಾಯಿ ಗಂಟಲು ಸುಟ್ಟುಕೊಂಡ. ಇನ್ನೊಮ್ಮೆ ಕಾರ್ಬನ್ ಮೊನಾಕ್ಸೈಡ್ ಬೆರೆತ ಗಾಳಿಯನ್ನು ಮೂರು ಸಲ ಎಳೆದುಕೊಂಡ, ಅಷ್ಟೆ. ತುಟಿಯಿಂದ ಕೊಳವೆ ಜಾರಿ ಬಿದ್ದಿದ್ದರಿಂದ ಬದುಕಿದ. ಇನ್ನೊಂದು ಉಸಿರು ಎಳೆದಿದ್ದರೆ ಪೊಟ್ಯಾಸಿಯಂ ಕಂಡುಹಿಡಿಯಲು ಬೇರೆ ಯಾರಾದರೂ ಬರಬೇಕಾಗಿತ್ತು. ಇದನ್ನು ನಾನು ಸಾಹಸ ಅಂತ ಬರೆಯುತ್ತಿಲ್ಲ. ಬೆಂಕಿಯಂಥ ಹುಡುಗ, ಬೆಂಕಿಯ ಜೊತೆಯೇ ಆಟ ಆಡಿದ. ಬದುಕಿದ್ದು ಅದೃಷ್ಟ.

ಹಲ್ಲುನೋವು ಮತ್ತು ಕೈತಪ್ಪಿದ ಅವಕಾಶ

ಈ ಕಥೆಯ ಅತ್ಯಂತ ನೋವಿನ ಭಾಗ ಇದು. ಡೇವಿಗೆ ದವಡೆಯ ಕೊನೆ ಹಲ್ಲು ಬರುವಾಗ ಒಸಡು ಊದಿ ವಿಪರೀತ ನೋವು. ನಿದ್ದೆ ಇಲ್ಲ, ಓದಲಾಗದು. ಆಗ ಮೂರು ದೊಡ್ಡ ಸಲ ಈ ಅನಿಲ ತೆಗೆದುಕೊಂಡ. ನಾಲ್ಕೈದು ಉಸಿರಿಗೆ ನೋವು ಕಡಿಮೆಯಾಯಿತು, ಆಮೇಲೆ ಹಿತದಲ್ಲಿ ಕರಗಿಯೇ ಹೋಯಿತು. ಅನಿಲದ ಅಮಲು ಇಳಿದ ಮೇಲೆ ನೋವು ಹಿಂದಿರುಗಿತು, ಮೊದಲಿಗಿಂತ ಜೋರಾಗಿ.

1800ನೇ ಇಸವಿಯಲ್ಲಿ ಡೇವಿ ತನ್ನ ಪ್ರಯೋಗಗಳನ್ನೆಲ್ಲ ಒಂದು ದೊಡ್ಡ ಪುಸ್ತಕ ಮಾಡಿದ. ಐನೂರಕ್ಕೂ ಹೆಚ್ಚು ಪುಟ. ಅದರ ಕೊನೆಯ ಭಾಗದಲ್ಲಿ, ಈ ಅನಿಲ ನೋವನ್ನು ತೆಗೆಯಬಲ್ಲದು, ಹೆಚ್ಚು ರಕ್ತ ಹೋಗದಂಥ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಉಪಯೋಗಿಸಬಹುದು ಎಂಬ ಅರ್ಥದ ಒಂದು ಮಾತು ಇದೆ. ಒಂದೇ ಒಂದು ಮಾತು. ಯಾರೂ ಅದನ್ನು ಹಿಡಿಯಲಿಲ್ಲ. ಡೇವಿಯೂ ಮುಂದುವರಿಸಲಿಲ್ಲ.

ಆಗಿನ ಆಪರೇಷನ್ ಹೇಗಿತ್ತು ಗೊತ್ತೇ? ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹೆಂಡವನ್ನೋ ಅಫೀಮನ್ನೋ ಕೊಟ್ಟರೆ ಕೊಟ್ಟರು. ಎಷ್ಟು ಬೇಗ ಕಾಲು ಕತ್ತರಿಸಿದರೆ ಅಷ್ಟು ಒಳ್ಳೆಯ ವೈದ್ಯ. ಎಚ್ಚರವಾಗಿರುವಾಗಲೇ ಎಲ್ಲವೂ. ಆ ಒಂದು ಮಾತನ್ನು ಯಾರಾದರೂ ಹಿಡಿದಿದ್ದರೆ ಎಷ್ಟು ಜನರ ಕೂಗು ನಿಲ್ಲುತ್ತಿತ್ತೋ! ಆದರೆ ಕುಯ್ದರೆ ನೋವು ಇದ್ದೇ ಇರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಒಪ್ಪಿಕೊಂಡ ಕಷ್ಟಕ್ಕೆ ಯಾರೂ ಔಷಧ ಹುಡುಕುವುದಿಲ್ಲ. ಇನ್ನೊಂದು ಕಾರಣ, ಈ ಅನಿಲ ನಗೆಪಾಟಲಿನ ವಸ್ತು ಎಂದು ಹೆಸರಾಗಿತ್ತು. ತಮಾಷೆಯ ಸಾಮಾನಿನಲ್ಲಿ ಔಷಧ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಲಂಡನ್‌ನಲ್ಲಿ

1801ರಲ್ಲಿ ಡೇವಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಹೋದ. ಅವನ ಉಪನ್ಯಾಸ ಕೇಳಲು ಎಷ್ಟು ಸಾರೋಟುಗಳು ಬರುತ್ತಿದ್ದವೆಂದರೆ ಆ ಬೀದಿಯನ್ನು ಏಕಮುಖ ಸಂಚಾರದ ಬೀದಿ ಮಾಡಬೇಕಾಯಿತು ಎಂದು ಹೇಳುತ್ತಾರೆ. ಗಾಳಿ ಬಿಟ್ಟು ವಿದ್ಯುತ್ತಿನ ಹಿಂದೆ ಬಿದ್ದ. 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಅದರ ಬೆನ್ನಿಗೇ ಸೋಡಿಯಂ ಬೇರ್ಪಡಿಸಿದ. ಪೊಟ್ಯಾಸಿಯಂನ ಚಿಕ್ಕ ಚಿಕ್ಕ ಗುಂಡುಗಳು ಹೊತ್ತಿಕೊಂಡು ಉರಿದದ್ದನ್ನು ಕಂಡು ಕೋಣೆಯಲ್ಲೆಲ್ಲ ಕುಣಿದಾಡಿದನಂತೆ. ಈ ಸಲ ಯಾವ ಅನಿಲವೂ ಬೇಕಾಗಲಿಲ್ಲ! 1808ರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ, ಸ್ಟ್ರಾನ್ಷಿಯಂ. 1810ರಲ್ಲಿ ಕ್ಲೋರಿನ್ ಒಂದು ಮೂಲವಸ್ತು ಎಂದು ತೋರಿಸಿಕೊಟ್ಟ.

1812ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಪ್ರಯೋಗದಲ್ಲಿ ಸ್ಫೋಟವಾಗಿ ಕಣ್ಣಿಗೆ ಪೆಟ್ಟಾಯಿತು. ಬರೆಯಲು ಸಹಾಯಕ್ಕೆ ಒಬ್ಬ ಹುಡುಗ ಬೇಕಾಯಿತು. ಬಂದವನು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಬಡ ಹುಡುಗ ಮೈಕೆಲ್ ಫ್ಯಾರಡೆ. 1813ರಲ್ಲಿ ಅವನಿಗೆ ಅಲ್ಲೇ ಕೆಲಸ ಸಿಕ್ಕಿತು. ಮುಂದೆ ಅವನು ಗುರುವನ್ನೂ ಮೀರಿಸಿದ.

1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತಿದ್ದರು. ಗಣಿಯ ಅನಿಲಕ್ಕೆ ದೀಪದ ಬೆಂಕಿ ತಗುಲಿ ಹೀಗಾಗುತ್ತಿತ್ತು. 1815ರಲ್ಲಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಹಾಕಿ ಸುರಕ್ಷಾ ದೀಪ ಮಾಡಿದ. ಬಲೆ ಶಾಖವನ್ನು ಹೀರಿಕೊಳ್ಳುವುದರಿಂದ ಬೆಂಕಿ ಹೊರಗೆ ದಾಟುವುದಿಲ್ಲ. ಇದಕ್ಕೆ ಪೇಟೆಂಟ್ ತೆಗೆದುಕೊಂಡು ಹಣ ಮಾಡಲಿಲ್ಲ. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಆದರೆ ದೇಹ ಸೋತಿತ್ತು. 1826ರಲ್ಲಿ ಲಕ್ವ ಹೊಡೆಯಿತು. 1829ರ ಮೇ 29ರಂದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ತೀರಿಕೊಂಡ. ಆಗ ಅವನಿಗೆ ಐವತ್ತೇ ವರ್ಷ.

ತಮಾಷೆಯಿಂದ ಆಸ್ಪತ್ರೆಗೆ

ಡೇವಿ ಸತ್ತ ಮೇಲೂ ನಗೆ ಅನಿಲದ ತಮಾಷೆ ನಡೆಯುತ್ತಲೇ ಇತ್ತು. ನಮ್ಮ ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಟಿಕೆಟ್ ಕೊಟ್ಟು ಮ್ಯಾಜಿಕ್ ನೋಡುತ್ತೇವಲ್ಲ, ಹಾಗೆ ಅಮೆರಿಕದಲ್ಲಿ ಟಿಕೆಟ್ ಇಟ್ಟು ಅನಿಲ ಕೊಡುತ್ತಿದ್ದರು. 1844ರ ಡಿಸೆಂಬರ್ 10ರಂದು ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಅಂಥ ಒಂದು ಪ್ರದರ್ಶನ. ಅನಿಲ ಕುಡಿದ ಒಬ್ಬ ಕುಣಿದಾಡಿ ಕಾಲಿಗೆ ಪೆಟ್ಟು ಮಾಡಿಕೊಂಡ. ರಕ್ತ ಬರುತ್ತಿದೆ, ಅವನಿಗೆ ಗೊತ್ತೇ ಇಲ್ಲ. ನೋಡುತ್ತಾ ಕೂತಿದ್ದ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯನಿಗೆ ಹೊಳೆಯಿತು. ಮಾರನೆಯ ದಿನವೇ ಅನಿಲ ತೆಗೆದುಕೊಂಡು ತನ್ನ ಹಲ್ಲನ್ನೇ ಕೀಳಿಸಿಕೊಂಡ. ನೋವಾಗಲಿಲ್ಲ. ಡೇವಿ ಬರೆದು ನಲವತ್ತನಾಲ್ಕು ವರ್ಷ ಆಗಿತ್ತು.

1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಮಾರ್ಟನ್ ಎಂಬುವನು ಈಥರ್ ಕೊಟ್ಟು ಎಲ್ಲರೆದುರಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ತೋರಿಸಿದ. ಐದೇ ತಿಂಗಳಲ್ಲಿ, 1847ರ ಮಾರ್ಚ್‌ನಲ್ಲಿ, ಈಥರ್ ನಮ್ಮ ದೇಶದ ಕಲ್ಕತ್ತೆಗೂ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂನ ಅರಿವಳಿಕೆ ಗುಣವನ್ನು ಕಂಡುಕೊಂಡ. ಕ್ಲೋರೋಫಾರಂ ಹೃದಯಕ್ಕೆ ಅಪಾಯವೋ ಉಸಿರಿಗೆ ಅಪಾಯವೋ ಎಂದು ತಿಳಿಯಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ನಿಜಾಮರ ಹಣದಿಂದ ದೊಡ್ಡ ತನಿಖೆಗಳು ನಡೆದವು. ಆಗ ನಮ್ಮ ಕಲಬುರಗಿ, ರಾಯಚೂರು ಎಲ್ಲ ಅದೇ ಸಂಸ್ಥಾನದಲ್ಲಿದ್ದವು. ಮುಂದೆ ನಮ್ಮ ಮೈಸೂರು ಸಂಸ್ಥಾನದಲ್ಲಿ 1924ರಲ್ಲಿ ಮೆಡಿಕಲ್ ಕಾಲೇಜು ಪ್ರಾರಂಭವಾಗಿ, 1930ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂತು. ನಮ್ಮ ಕಡೆಯವರೆಲ್ಲ ದೊಡ್ಡಾಸ್ಪತ್ರೆ ಅನ್ನುವ ಕೃಷ್ಣರಾಜೇಂದ್ರ ಆಸ್ಪತ್ರೆ ಆ ಕಾಲೇಜಿಗೇ ಸೇರಿದ್ದು.

ಕಡಿಮೆ ಪ್ರಮಾಣದಲ್ಲಿ ಏನಾಗುತ್ತದೆ?

ಈ ಗಾಳಿ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುತ್ತದೆ. ಅಲ್ಲಿ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವ ಕೆಲವು ಬಾಗಿಲುಗಳನ್ನು ಮುಚ್ಚುತ್ತದೆ. ತುಂಬಾ ಬಾಗಿಲು ಮುಚ್ಚಿದರೆ ನಿದ್ದೆ. ಕೆಲವೇ ಮುಚ್ಚಿದರೆ ಎಚ್ಚರ ಇರುತ್ತದೆ, ಆದರೆ ನೋವು ಮಸುಕಾಗುತ್ತದೆ, ಮನಸ್ಸು ಬದಲಾಗುತ್ತದೆ. ಡೇವಿಯ ಕಾಲದಲ್ಲಿ ಶುದ್ಧ ಅನಿಲವನ್ನೇ ಎಳೆಯುತ್ತಿದ್ದರಿಂದ ಆಮ್ಲಜನಕವೂ ಸಿಗದೆ ಇನ್ನಷ್ಟು ಅಪಾಯ ಇತ್ತು. ಈಗ ಆಮ್ಲಜನಕ ಬೆರೆಸದೆ ಕೊಡುವುದೇ ಇಲ್ಲ. ಹೆರಿಗೆ ನೋವಿಗೆ ಕೊಡುವಾಗ ಅರ್ಧಕ್ಕರ್ಧ ಆಮ್ಲಜನಕ. ಆಸ್ಪತ್ರೆಯಲ್ಲಿ ನೀಲಿ ಸಿಲಿಂಡರ್ ಕಂಡರೆ ಅದೇ ಡೇವಿಯ ಅನಿಲ.

ಡೇವಿಯ ನಂತರ ಬಂದ ವಿಜ್ಞಾನಿಗಳು ಒಪ್ಪಿಕೊಂಡು ಬಂದವರಿಗೆ ಈ ಅನಿಲವನ್ನು ಸ್ವಲ್ಪವೇ ಕೊಟ್ಟು ನಮ್ಮ ಕಿರುಪರೀಕ್ಷೆಯಂಥ ಪರೀಕ್ಷೆಗಳನ್ನು ಕೊಟ್ಟರು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತಬೇಕು, ಓದಿ ಹೇಳಿದ ಪದಗಳನ್ನು ನೆನಪಿಟ್ಟು ಬರೆಯಬೇಕು. ಗುಂಡಿ ಒತ್ತುವುದು ತಡವಾಯಿತು. ಅನಿಲ ಕುಡಿಯುವಾಗ ಕೇಳಿದ ಪದಗಳು ಆಮೇಲೆ ನೆನಪಿಗೆ ಬರಲಿಲ್ಲ. ಆದರೆ ಹೇಗಿತ್ತು ಎಂದು ಕೇಳಿದರೆ ಕೆಲವರು ಬಹಳ ಚೆನ್ನಾಗಿತ್ತು ಅಂದರು, ಕೆಲವರು ತೂಕಡಿಕೆ ಅಂದರು, ಕೆಲವರು ಬೇಡವೇ ಬೇಡ ಅಂದರು. ಈ ಅನಿಲ ನಿಲ್ಲಿಸಿದ ಕೆಲವು ನಿಮಿಷಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತಾರೆ. ದೊಡ್ಡ ಆಪರೇಷನ್‌ಗೆ ಕೊಡುವ ಬೇರೆ ಮದ್ದುಗಳು ಇಳಿಯಲು ಇನ್ನೂ ಹೊತ್ತು ಬೇಕು. ಅದಕ್ಕೇ ಸಿಸ್ಟರ್ ಹೆಬ್ಬೆಟ್ಟು ಬೇಡ ಅಂದದ್ದು.

ಹಾಗಾದರೆ ದಿನವೂ ಆಪರೇಷನ್ ಕೋಣೆಯಲ್ಲಿ ನಿಲ್ಲುವ ಡಾಕ್ಟರು, ಸಿಸ್ಟರುಗಳ ಗತಿ ಏನು? ಅಲ್ಲಿನ ಗಾಳಿಯಲ್ಲೂ ಸೋರಿದ ಅನಿಲ ಇರುತ್ತದಲ್ಲ. 1974ರಲ್ಲಿ ಅಮೆರಿಕದ ಸಂಶೋಧಕರು ಹತ್ತು ಲಕ್ಷ ಭಾಗ ಗಾಳಿಗೆ 500 ಭಾಗ ನೈಟ್ರಸ್ ಆಕ್ಸೈಡ್, ಜೊತೆಗೆ 15 ಭಾಗ ಹ್ಯಾಲೋಥೇನ್ ಇದ್ದರೂ ಕೆಲಸದ ಚುರುಕು ಕಡಿಮೆ ಆಗುತ್ತದೆ ಎಂದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. ಆದರೂ 1977ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ 25 ಭಾಗ ಮೀರಬಾರದು ಎಂದು ಸಲಹೆ ಮಾಡಿತು. ಸೋರಿದ ಅನಿಲವನ್ನು ಹೀರಿ ಹೊರಗೆ ಕಳಿಸುವ ಕೊಳವೆಗಳು ಬಂದವು. ಅನುಮಾನ ಇರುವ ಕಡೆ ಎಚ್ಚರಿಕೆಯೇ ಒಳ್ಳೆಯದು.

ಎರಡನೆಯ ಕಾರಣ

ಈಗ ಎರಡನೆಯ ಕಾರಣ ಹೇಳ್ತೀನಿ. ಬಸ್‌ಸ್ಟಾಂಡ್ ಹಿಂದಿನ ಪಾಳು ಗೋಡೆ ಹತ್ತಿರ ಕೆಲವು ಹುಡುಗರು ಬಟ್ಟೆಗೆ ಪಂಕ್ಚರ್ ಸಲ್ಯೂಷನ್, ವೈಟ್‌ನರ್ ಹಾಕಿಕೊಂಡು ಮೂಸುವುದು ನಮಗೆಲ್ಲ ಗೊತ್ತು. ಗೊತ್ತಿಲ್ಲದ ಹಾಗೆ ಹೋಗುತ್ತೇವೆ, ಅಷ್ಟೆ. ಅವರಲ್ಲಿ ಒಬ್ಬ ನನ್ನ ಪಕ್ಕದ ಬೆಂಚಿನವನು. ಹೆಸರು ಬರೆಯೋಲ್ಲ. ಒಂದು ದಿನ ಅವನು ಹೇಳಿದ, ಮೂಸಿದಾಗ ಲೆಕ್ಕ ಎಲ್ಲ ತಾನಾಗೇ ಹೊಳೆಯುತ್ತದೆ ಎಂದು. ಆ ವಾರದ ಪರೀಕ್ಷೆಯಲ್ಲಿ ಅವನ ಉತ್ತರ ಪತ್ರಿಕೆಯಲ್ಲಿ ಒಂದೇ ಲೆಕ್ಕವನ್ನು ಮೂರು ಸಲ ಶುರುಮಾಡಿ ಬಿಟ್ಟಿದ್ದ. ಹಿಂದೆ ನನಗೆ ಲೆಕ್ಕ ಹೇಳಿಕೊಟ್ಟವನೇ ಅವನು.

ಅವನಿಗಾಗಿ ನಾನು ಡೇವಿಯನ್ನು ಆರಿಸಿದೆ. ಜಗತ್ತಿನ ಗುಟ್ಟೇ ಸಿಕ್ಕಿತು ಎಂದುಕೊಂಡ ಡೇವಿಗೂ ಕೊನೆಗೆ ಉಳಿದದ್ದು ಒಂದೆರಡು ಮಾತು. ಪೊಟ್ಯಾಸಿಯಂ ಸಿಕ್ಕಿದ್ದು ಎಚ್ಚರವಾಗಿದ್ದಾಗ. ಸಲ್ಯೂಷನ್ ಅಂತೂ ಡೇವಿಯ ಅನಿಲಕ್ಕಿಂತಲೂ ಕೆಟ್ಟದ್ದು. ಅದು ಮಿದುಳಿಗೂ ನರಕ್ಕೂ ಹಾನಿ. ಒಂದೇ ಸಲಕ್ಕೆ ಹೃದಯ ನಿಂತು ಸತ್ತವರೂ ಲೋಕದಲ್ಲಿ ಇದ್ದಾರೆ. ನೈಟ್ರಸ್ ಆಕ್ಸೈಡನ್ನೂ ಮೋಜಿಗೆ ಪದೇ ಪದೇ ಎಳೆದರೆ ದೇಹದ ಬಿ-12 ಜೀವಸತ್ವ ಕೆಲಸಕ್ಕೆ ಬಾರದಾಗಿ ಕೈಕಾಲು ಜೋಮು ಹಿಡಿದು ನಡೆಯಲಾಗದ ಸ್ಥಿತಿ ಬರುತ್ತದೆ. ಅದೇ ಗಾಳಿ ಡಾಕ್ಟರ ಕೈಯಲ್ಲಿ ಇದ್ದರೆ ನಮ್ಮಜ್ಜಿಯಂಥವರನ್ನು ಬದುಕಿಸುತ್ತದೆ. ಪಕ್ಕದಲ್ಲಿ ಕೂತು, ಅಳೆದು, ಎಚ್ಚರ ಆಗುವ ತನಕ ಕಾಯುವವರು ಇದ್ದರೆ ಮದ್ದು. ಪಾಳು ಗೋಡೆ ಹಿಂದೆ ಯಾರು ಕಾಯುತ್ತಾರೆ?

ಗೆಳೆಯಾ, ಈ ಗೋಡೆ ಪತ್ರಿಕೆಯನ್ನು ನೀನೂ ಓದುತ್ತೀಯ ಅಂತ ನನಗೆ ಗೊತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಬೇವಿನ ಮರದ ಕಟ್ಟೆ ಮೇಲೆ ಲೆಕ್ಕದ ಪುಸ್ತಕ ಹಿಡಿದು ಕೂತಿರ್ತೀನಿ. ತ್ರಿಕೋನದ ಪ್ರಮೇಯ ನನಗೆ ಇನ್ನೂ ಬಂದಿಲ್ಲ. ನೀನೇ ಹೇಳಿಕೊಡಬೇಕು. ಮೇಷ್ಟ್ರಿಗೆ ಹೇಳುವ ಧೈರ್ಯ ನಿನಗೆ ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ಹೇಳೋಣ. ಅವರು ಬೈಯ್ಯೋಲ್ಲ, ನಾನು ಕೇಳಿಕೊಂಡೇ ಇದನ್ನು ಬರೆದಿದ್ದೀನಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು. 

ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ